ಹೊರಗೆ ಬಿಟ್ಟ ಚಪ್ಪಲಿ

ಊರಿಗೆ ಇನ್ನೂ ಕಂಪ್ಯೂಟರ್ ಬಂದಿರದ ದಿನಗಳಲ್ಲಿ ನಾನು ಹೊಳೆನರಸೀಪುರದ ಕಾಲೇಜು ರಸ್ತೆಯಲ್ಲಿ ವಿಡಿಯೋ ಗೇಮ್ ಅಂಗಡಿ ತೆರೆದೆ. ಹಾಸನದಿಂದ ನಾಲ್ಕು ಹಳೇ ಟೀವಿ ತಂದು, ಪೂಜೆ ಮಾಡಿಸಿ, ಗಣಪತಿ ಪಟ ತೂಗುಹಾಕಿದೆ. ಕ್ಲಾಸು ತಪ್ಪಿಸಿ ಬರುವ ಹುಡುಗರು ಯಾರ ಕಣ್ಣಿಗೂ ಬೀಳಬಾರದೆಂದು ಬಾಗಿಲಿಗೆ ದಪ್ಪ ಪರದೆ ಬಿಟ್ಟೆ. ಆದರೆ ದೇವರ ಪಟವಿದ್ದ ಕಡೆ ಚಪ್ಪಲಿ ಮೆಟ್ಟಿ ಬರಕೂಡದೆಂದು ಎಲ್ಲರದನ್ನೂ ಹೊರಗೆ, ಮೆಟ್ಟಿಲ ಮೇಲೆ ಬಿಡಿಸುತ್ತಿದ್ದೆ. ನನ್ನ ಮಡಿಗಿಷ್ಟು ಬೆಂಕಿ ಹಾಕ!

ಅಪ್ಪ ಅದೇ ಕಾಲೇಜಿನಲ್ಲಿ ಮೇಷ್ಟರು. ಪರದೆಯ ಹಿಂದೆ ಎಷ್ಟು ಜನರಿದ್ದಾರೆಂದು ಆ ಮೆಟ್ಟಿಲೇ ಅವರಿಗೆ ಹೇಳಿತು. ಒಂದು ಮಧ್ಯಾಹ್ನ ಜವಾನನ ಜೊತೆ ಬಂದವರು ಒಳಗೆ ಇಣುಕಲೂ ಇಲ್ಲ, ಅಷ್ಟೂ ಚಪ್ಪಲಿಗಳನ್ನು ಗೋಣಿಚೀಲಕ್ಕೆ ತುಂಬಿಸಿಕೊಂಡು ಹೋದರು.

"ನಮ್ಮನ್ನ ಇಡ್ಕೊಟ್ಬುಟ್ರಲ್ಲಣ್ಣಾ" ಎಂದು ನನ್ನನ್ನೇ ಬೈಯುತ್ತಾ ಹುಡುಗರು ಕಾದ ಟಾರಿನ ಮೇಲೆ ಬರಿಗಾಲಲ್ಲಿ ಕಾಲೇಜಿಗೆ ನಡೆದರು. ನಾನೂ ಹಿಂದೆ ಹೋದೆ. ನನ್ನವೂ ಆ ಚೀಲದಲ್ಲಿದ್ದವು.

ಅಪ್ಪ ಒಬ್ಬೊಬ್ಬನಿಗೂ ಗದರಿ, ಅವನವನ ಜೋಡಿ ಕೊಟ್ಟು ಕಳಿಸಿದರು. ಕೊನೆಗೆ ಉಳಿದದ್ದು ನನ್ನ ಜೋಡಿ, ಹೋದ ಯುಗಾದಿಗೆ ಅವರೇ ಕೊಡಿಸಿದ್ದು. ನನ್ನ ಮುಖ ನೋಡುತ್ತಲೇ ಜವಾನನಿಗೆ ಹೇಳಿದರು: "ಇದು ನಮ್ಮ ಹುಡುಗರದ್ದಲ್ಲಪ್ಪ. ಆಚೆಗೆ ಎಸಿ."