ಮೇಷ್ಟ್ರು ತಿದ್ದದೆ ಬಿಟ್ಟ ರಾಜ

ನಮ್ಮೂರ ಸ್ಕೂಲಿಗೆ ಬಂದ ಆ ಮೇಷ್ಟ್ರ ಬೆರಳ ತುದಿಗಳು ಬಿಳುಚಿಕೊಂಡು, ಚರ್ಮ ಸುಲಿದಂತಿದ್ದವು. ಶಿಡ್ಲಘಟ್ಟದಲ್ಲಿ ಅವರಮ್ಮ ರೇಷ್ಮೆ ನೂಲು ತೆಗೆಯುತ್ತಿದ್ದರಂತೆ. ಇವರೂ ಚಿಕ್ಕಂದಿನಿಂದಲೇ ಬಿಸಿನೀರಿಗೆ ಕೈಹಾಕಿ ಗೂಡಿನ ಎಳೆ ಹುಡುಕಿದವರು. ಆ ಕೈ ನಮ್ಮ ನಾಟಕಕ್ಕೂ ಬಂತಲ್ಲ ಎಂದು ನನಗೆ ಮೈ ಉರಿಯುತ್ತಿತ್ತು. ಇಂದಿಗೂ ಪೂರ್ತಿ ಆರಿಲ್ಲ.

ನಮ್ಮೂರ ನಾಟಕದಲ್ಲಿ ರಾಜನ ಪಾತ್ರ ನಮ್ಮ ಮನೆಯದು. ತಾತ ಮಾಡಿದ್ದರು, ಅಪ್ಪ ಮಾಡಿದ್ದರು, ಆ ವರ್ಷ ನನ್ನ ಸರದಿ. ಕಿರೀಟ ಇರುತ್ತಿದ್ದದ್ದೂ ನಮ್ಮ ದೇವರ ಮನೆಯಲ್ಲೇ. ಹಳೆಯ ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟಂತೆ ಗಂಟಲು ಹರಿಯುವಷ್ಟು ಕೂಗಿದರೆ ಮುಗಿಯಿತು. ಆ ವರ್ಷ ನಾಟಕ ಕಲಿಸಲು ನಿಂತ ಈ ಸ್ಕೂಲಿನ ಮಹಾಶಯರಿಗೆ ಇನ್ನೂ ಇಪ್ಪತ್ತನಾಲ್ಕು. ಮೈಸೂರಿಗೆ ಟ್ರೈನಿಂಗಿಗೆ ಹೋದಾಗ ನಾಟಕದ ಹುಚ್ಚು ಹಿಡಿಸಿಕೊಂಡು ಬಂದಿದ್ದರು. ತಾಲೀಮಿಗೆ ಎಲ್ಲರನ್ನೂ ನೆಲದ ಮೇಲೆ ದುಂಡಗೆ ಕೂರಿಸಿದರು, ನನ್ನನ್ನೂ. “ಈ ಸೀನು ಹೆಂಗಿರ್ಬೇಕು, ನೀವೇ ಹೇಳ್ರಪ್ಪ” ಎನ್ನುವುದು, ನೋಡಲು ಬಂದವರನ್ನೂ ಬಿಡದೆ ಕೇಳುವುದು. ಗೊತ್ತಿಲ್ಲದ್ದಕ್ಕೇ ಕೇಳುತ್ತಾರೆ ಎಂದು ಆಡಿಕೊಂಡೆ.

ಒಂದು ಸಂಜೆ, ರಾಜ ಕುಂಬಾರಗಿತ್ತಿಯೊಬ್ಬಳನ್ನು ಮನೆ ಬಿಡಿಸುವ ದೃಶ್ಯ. ಗದೆ ಎತ್ತಿ ಅಬ್ಬರಿಸಿದೆ. ನಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಮೇಷ್ಟ್ರು ಅವಳನ್ನೂ ಕೇಳಿದರು. ಬೇಡ ಬೇಡವೆಂದು, ಕೊನೆಗೆ ನೆಲ ನೋಡುತ್ತ ಹೇಳಿದಳು:

“ದೊಡ್ಡೋರು ಹಿಂಗೆ ಕೂಗಲ್ಲ ಸಾಮಿ. ನಮ್ಮ ಗೌಡ್ರು ಕೂಗ್ತಾರಾ? ‘ನಾಳೆಯಿಂದ ಬರ್ಬೇಡಮ್ಮ’ ಅಂತ ಮೆಲ್ಲಗೆ ಅಂತಾರೆ. ಅಷ್ಟಕ್ಕೇ ಕೈಕಾಲು ತಣ್ಣಗಾಗ್ತವೆ.”

ಗೌಡರೆಂದರೆ ನನ್ನ ಅಪ್ಪ. ಮೇಷ್ಟ್ರು ನನ್ನತ್ತ ತಿರುಗಿ, “ಹಂಗೇ ಒಂದ್ಸಲ ಹೇಳಿ, ನೋಡಣ” ಎಂದರು. ಎಂಥ ಕೊಬ್ಬು! ಗದೆ ಬಿಸಾಕಿ ಮನೆಗೆ ಬಂದೆ.

ಎರಡು ದಿನ ಕಾದೆ. ಅವರು ಕರೆಯಲೂ ಬರಲಿಲ್ಲ, ಪಾತ್ರವನ್ನು ಬೇರೆಯವರಿಗೆ ಕೊಡಲೂ ಇಲ್ಲ. ಮನೆಯ ಪಾತ್ರ ನನ್ನ ಕಾಲದಲ್ಲೇ ಕೈತಪ್ಪಿದರೆ ಊರಲ್ಲಿ ತಲೆಯೆತ್ತುವುದು ಹೇಗೆ? ಮೂರನೆಯ ದಿನ ನಾನೇ ಹೋದೆ. ತಾಲೀಮಿನಲ್ಲೆಲ್ಲ ಹಟಕ್ಕೆ ಕೂಗಿದೆ. ಅವರು ತಿದ್ದಲಿಲ್ಲ.

ನಾಟಕದ ದಿನವೂ ಕೂಗಬೇಕೆಂದೇ ರಂಗಕ್ಕೆ ಬಂದೆ. ಕುಂಬಾರಗಿತ್ತಿಯ ವೇಷದವನು ಕಾಲಬುಡದಲ್ಲಿ ಕೂತ. ಬಾಯಿಂದ ಹೊರಟದ್ದು ಮಾತ್ರ ಅಪ್ಪನ ದನಿ, ಮೆಲ್ಲಗೆ. ನನಗೇ ಹೆದರಿಕೆಯಾಯಿತು. ಜನ ಅಲುಗಾಡಲಿಲ್ಲ. ಮುಂದಿನ ಸಾಲಿನ ಕುರ್ಚಿಯಿಂದ ಅಪ್ಪ ಎದ್ದು ಹೋದರು.

ಮಾರನೆಯ ದಿನ ಊಟಕ್ಕೆ ಕೂತಾಗ ಅಪ್ಪ ಹೇಳಿದರು: “ಆ ಮೇಷ್ಟ್ರಿಗೆ ವರ್ಗ ಮಾಡಿಸ್ತೀನಿ. ಸೊಪ್ಪಿನೋಳಿಗೂ ಬರ್ಬೇಡ ಅಂದಿದ್ದೀನಿ. ನೀನು ಸುಮ್ನಿರಪ್ಪ.”

ದನಿ ಏರಲೇ ಇಲ್ಲ. “ಆಗ್ಲಿ” ಎಂದೆ. ಮುದ್ದೆ ಮುರಿದು ಸಾರಿಗೆ ಅದ್ದಿದೆ.

ಮೇಷ್ಟ್ರನ್ನು ಗೌರಿಬಿದನೂರಿನ ಆಚೆಗೆ ಹಾಕಿದರು. ಕೆಲವೇ ವರ್ಷಗಳಲ್ಲಿ ಕಾಮಾಲೆಯಾಗಿ ತೀರಿಕೊಂಡರಂತೆ. ಸುದ್ದಿ ಕೇಳಿದಾಗಲೂ ಬೈದೆ. ಅಪ್ಪನ ಮೇಲೆ ನನಗಿದ್ದ ಪ್ರೀತಿಯನ್ನು ಕೆಡಿಸಿಹೋದ ಮನುಷ್ಯ. ಎದುರಿಗೆ ನಾಲ್ಕು ಮಾತು ಅನ್ನಲೂ ಸಿಗಲಿಲ್ಲ. ಅಪ್ಪನೂ ಹೋದ ಮೇಲೆ, ಕೆಲಸಕ್ಕೆ ಬಾ ಎಂದು ಸೊಪ್ಪಿನ ಹೆಂಗಸಿಗೆ ಹೇಳಿಕಳಿಸಿದೆ. ಅವಳು ಬರಲಿಲ್ಲ. ಅದಕ್ಕೆ ಬೈಯೋಣವೆಂದರೆ ಮೇಷ್ಟ್ರೂ ಇರಲಿಲ್ಲ.