ಬಂದ ಸಮಯ ಬರೆಯದ ದಿನ

ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಆ ವೇಳೆಯನ್ನು ನಾನೇ ಕೈಯಾರೆ ಬರೆದಿದ್ದೆ.

ಹೋದ ವಾರ ಶಿರಾದ ನಮ್ಮ ಕಚೇರಿಗೆ ಹೊಸ ರಿಜಿಸ್ಟರುಗಳು ಬಂದವು. ಕಟ್ಟು ಬಿಚ್ಚಿದಾಗ ರಟ್ಟು, ಅಂಟಿನ ವಾಸನೆ ಮೂಗಿಗೆ ಬಡಿಯಿತು. ಮೇಡಂ ನೆನಪಾದರು...

ಮಧುಗಿರಿಯಲ್ಲಿ ನಾನು ವಿಶ್ವವಿದ್ಯಾಲಯದ ಕಚೇರಿ ಸಹಾಯಕರ ಕೋರ್ಸು ಓದುತ್ತಿದ್ದಾಗ ಅವರು ನಮಗೆ ಕಡತ ನಿರ್ವಹಣೆ ಕಲಿಸುತ್ತಿದ್ದರು. ತರಗತಿಯನ್ನೇ ಕಚೇರಿಯಂತೆ ನಡೆಸುತ್ತಿದ್ದರು. ಬಾಗಿಲ ಬಳಿ ಚಲನವಲನ ವಹಿ ಇರುತ್ತಿತ್ತು. ಹೊರಗೆ ಹೋಗುವವರು ಹೆಸರು, ಹೋಗುವ ಜಾಗ, ಹೋದ ಸಮಯ ಬರೆಯಬೇಕು. ಮರಳಿದ ಮೇಲೆ ಬಂದ ಸಮಯ. ಯಾವನಾದರೂ ಮರೆತರೆ ಮುಗಿಯಿತು.

"ಏನ್ಲಾ, ಮಾವನ ಮನೆಗೆ ಬಂದಿದ್ದೀಯಾ? ಬರ್ದು ಹೋಗು!"

ನಾವೆಲ್ಲ ನಗುತ್ತಿದ್ದೆವು. ಐದು ನಿಮಿಷಕ್ಕೂ ಇದೇಕೆ ಎಂದು ಒಮ್ಮೆ ಕೇಳಿದ್ದೆ. "ನೀನು ಎಲ್ಲಿದ್ದೀಯ ಅಂತ ಒಬ್ರಿಗಾದ್ರೂ ಗೊತ್ತಿರ್ಬೇಕು ಕಣಮ್ಮ" ಎಂದಿದ್ದರು.

ಆ ದಿನ ಹನ್ನೊಂದು ಇಪ್ಪತ್ತಕ್ಕೆ, ಗೇಟಿನಾಚೆಯ ಜೆರಾಕ್ಸ್ ಅಂಗಡಿಗೆಂದು ವಹಿಯಲ್ಲಿ ಬರೆದು ಹೊರಟೆ. ಅಂಗಡಿ ಮುಚ್ಚಿತ್ತು. ಕಾಲೇಜಿನ ಹಿಂದಿನ ಬಾಗಿಲಿನಿಂದ ಒಳಬಂದು, ಯಾರೂ ಇಲ್ಲದ ಕಂಪ್ಯೂಟರ್ ಕೋಣೆಯಲ್ಲಿ ಫೋನನ್ನು ಚಾರ್ಜಿಗೆ ಹಾಕಿ ಕೂತೆ. ಬಂದ ಸಮಯ ಬರೆಯಲಿಲ್ಲ. ತುಸು ಹೊತ್ತು ಪಾಠ ತಪ್ಪಿಸೋಣ ಅನ್ನಿಸಿತ್ತು, ಅಷ್ಟೇ.

ನೀರಿನ ಟ್ಯಾಂಕಿನ ಕೆಳಗೆ ಕಟ್ಟಿದ್ದ ಹೆಜ್ಜೇನಿಗೆ ಹದ್ದೊಂದು ಎರಗಿತಂತೆ. ನನಗೆ ಕೇಳಿಸಿದ್ದು ಕೂಗಾಟ, ಕಿಟಕಿಗಳನ್ನು ದಡದಡನೆ ಮುಚ್ಚಿದ ಸದ್ದು. ಅಂಗಳದ ತುಂಬ ಹುಳು. ತರಗತಿಯಲ್ಲಿ ಮೇಡಂ ತಲೆ ಎಣಿಸಿ, ವಹಿ ನೋಡಿದರಂತೆ. ನಾನು ಗಾಜಿನಿಂದ ಇಣುಕಿದಾಗ ಅವರು ಸೆರಗನ್ನು ತಲೆಗೆ ಸುತ್ತಿಕೊಂಡು ಗೇಟಿನ ಕಡೆ ಓಡುತ್ತಿದ್ದರು. ನನ್ನ ಹೆಸರು ಕೂಗುತ್ತಿದ್ದರು.

ಗಾಜು ಬಡಿದೆ. ಅವರು ತಿರುಗಲಿಲ್ಲ. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು... ತೆರೆಯಲಿಲ್ಲ.

ಮೇಡಂಗೆ ಮೈತುಂಬ ಹುಳು ಕಚ್ಚಿದ್ದವು. ತುಮಕೂರಿಗೆ ಒಯ್ಯುವಾಗ, ಆಂಬುಲೆನ್ಸ್ ಕೊರಟಗೆರೆ ದಾಟುವ ಮೊದಲೇ ಅವರು ಹೋಗಿಬಿಟ್ಟರು. ಎಲ್ಲಿದ್ದೆ ಎಂದು ಕೇಳಿದವರಿಗೆಲ್ಲ ಅಂಗಡಿಯ ಹಿಂದೆ ಅವಿತಿದ್ದೆ ಎಂದೆ. ವಹಿಯೂ ಅದನ್ನೇ ಹೇಳುತ್ತಿತ್ತು. ಹುಡುಗಿಯನ್ನು ಉಳಿಸಲು ಹೋಗಿ ಸತ್ತರು ಎಂದು ಜನ ಮಾತಾಡಿಕೊಂಡರು. ಕೋರ್ಸು ಮುಗಿಯಿತು, ಕೆಲಸವೂ ಸಿಕ್ಕಿತು. ಕಣ್ಣು ಹತ್ತಿದರೆ ಮಾತ್ರ ಅದೇ ಕೂಗು, ಅದೇ ಗಾಜು.

ರಿಜಿಸ್ಟರು ಬಂದ ವಾರದ ಭಾನುವಾರ ಪುರವರಕ್ಕೆ ಹೋದೆ. ಮೇಡಂ ಅವರ ಯಜಮಾನರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು.

"ಅದೇ ಹುಡ್ಗಿ ಅಲ್ವೇನಮ್ಮ ನೀನು? ಬಾ, ಬಾ. ನಿನ್ನ ನೋಡಿದ್ರೆ ಅವಳು ಹೋಗಿದ್ದು ದಂಡ ಆಗ್ಲಿಲ್ಲ ಅನ್ಸತ್ತೆ."

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅವರ ಕೈ ಸುಮ್ಮನಾಯಿತು.

"ಅಂಗಾದ್ರೆ... ಹೊರಗೆ ಯಾರೂ ಇರ್ಲಿಲ್ವಾ?"

"ಇರ್ಲಿಲ್ಲ."

"ಯಾಕಮ್ಮ ಹೇಳ್ಬುಟ್ಟೆ" ಎಂದರು ಮೆಲ್ಲಗೆ. ಆಮೇಲೆ ಎದ್ದು ಕೈ ತೊಳೆದರು. "ನಾಲ್ಕೂವರೆಗೆ ಬಸ್ ಐತೆ. ಉಂಡ್ಕಂಡು ಹೋಗು."

ಅವರೇ ಬಡಿಸಿದ ಮುದ್ದೆ ಉಂಡು ಬಂದೆ. ಆ ರಾತ್ರಿ, ಮೂರು ವರ್ಷಗಳ ಮೇಲೆ ಮೊದಲ ಸಲ, ಬೆಳಗಾಗುವವರೆಗೂ ಎಚ್ಚರವಾಗದೆ ಮಲಗಿದ್ದೆ. ಇಂದು ಕಚೇರಿಗೆ ಬಂದಿದ್ದೇನೆ. ಮೈ ಹಗುರವಾಗಿದೆ, ಮೇಡಂ ಇಲ್ಲ. ಪುರವರದ ಆ ಮನೆಯಲ್ಲಿ ಅವರ ಯಜಮಾನರು ನಿದ್ದೆ ಮಾಡಿದರೋ ಇಲ್ಲವೋ ಗೊತ್ತಿಲ್ಲ.