ಭಾಗಮ್ಮನ ಸೈನಿಕರು ಸತ್ತಿರಲಿಲ್ಲ

ನಾನು ಸುಳ್ಳು ತೀರ್ಪು ಕೊಟ್ಟೆ. ಗೊತ್ತಿದ್ದೇ ಕೊಟ್ಟೆ. ಒಬ್ಬ ಹೆಂಗಸು ಗೆಲ್ಲುವುದನ್ನು ಸಹಿಸಲಾಗದೆ ಇಲ್ಲದ ನಿಯಮವೊಂದನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿ, ಅದನ್ನು ಇಂಗ್ಲಿಷಿನಲ್ಲಿ ಉಚ್ಚರಿಸಿ, ಆಕೆಯ ಬಾಯಿ ಮುಚ್ಚಿಸಿದೆ. ಅದೂ ಒಂದು ಕಾರ್ಡಿನ ಆಟದಲ್ಲಿ. ಹೌದು, ಕಾರ್ಡಿನ ಆಟದಲ್ಲಿ — ನಗುವವರು ನಗಬಹುದು. ಇಷ್ಟು ವರ್ಷ ನಾನೂ ಹಾಗೆಯೇ ನಕ್ಕು ಪಾರಾಗಿದ್ದೇನೆ.

ಇದು ಇಸ್ಪೀಟಲ್ಲ. ಸೈನಿಕರು, ಮಾಟಗಾತಿಯರು, ರೆಕ್ಕೆಯ ಹಾವುಗಳು, ಮಂತ್ರಗಳು ಇರುವ ಬಣ್ಣದ ಕಾರ್ಡುಗಳ ಆಟ. ಕಾರ್ಡುಗಳನ್ನು ಪೊಟ್ಟಣದಲ್ಲಿ ಕೊಳ್ಳಬೇಕು, ಬೇಡವಾದದ್ದನ್ನು ಕೊಟ್ಟು ಬೇಕಾದದ್ದನ್ನು ಪಡೆಯಬೇಕು, ತನ್ನದೇ ಒಂದು ಕಟ್ಟು ಮಾಡಿಕೊಳ್ಳಬೇಕು. ಇಬ್ಬರು ಎದುರುಬದುರು ಕೂತು ಆಡುತ್ತಾರೆ. ಎದುರಾಳಿಯ ಕೋಟೆ ಬಿದ್ದರೆ ಗೆಲುವು. ಆಟಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು, ನಾವು ‘ಕೋಟೆ ಆಟ’ ಎನ್ನುತ್ತಿದ್ದೆವು. ವಾಡಿ ಸ್ಟೇಷನ್ನಿನ ಹತ್ತಿರ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದೆವು. ಸೇಡಂನಿಂದ ನಾನು, ಚಿತ್ತಾಪುರದಿಂದ ಇಬ್ಬರು, ಶಹಾಬಾದಿನ ಕಡೆಯವರು ಕೆಲವರು — ರೈಲು ನಮ್ಮನ್ನೆಲ್ಲ ಅಲ್ಲಿಗೆ ತಂದು ಇಳಿಸುತ್ತಿತ್ತು. ಎಲ್ಲರೂ ಸಂಬಳದವರು, ಮದುವೆಯಾದವರು, ತಲೆಯಲ್ಲಿ ಬಿಳಿಗೂದಲು ಬಂದವರು. ಹೆಂಡಿರಿಗೆ ಸಂಘದ ಮೀಟಿಂಗ್ ಎಂದು ಹೇಳಿ ಬರುತ್ತಿದ್ದ ಶೂರರು.

ಈ ಆಟದಲ್ಲಿ ಜಗಳ ಸಹಜ. ಒಂದು ಕಾರ್ಡು ಹೀಗೆ ಆಗಲಿ ಎನ್ನುತ್ತದೆ, ಇನ್ನೊಂದು ಆಗಕೂಡದು ಎನ್ನುತ್ತದೆ. ಯಾವುದರ ಮಾತು ನಡೆಯಬೇಕು? ಅದಕ್ಕೊಂದು ನಿಯಮದ ಪುಸ್ತಕವಿದೆ, ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಅದನ್ನು ಓದಿ ತೀರ್ಪು ಹೇಳುವವನು ನಾನು. ಸೇಡಂನ ಕಾಲೇಜೊಂದರಲ್ಲಿ ನಾನು ಇಂಗ್ಲಿಷಿನ ಅತಿಥಿ ಉಪನ್ಯಾಸಕ. ವರ್ಷವರ್ಷವೂ ಅರ್ಜಿ ಹಾಕಿ, ಪ್ರಿನ್ಸಿಪಾಲರ ಬಾಗಿಲಲ್ಲಿ ಹಲ್ಲು ಕಿರಿದು ನಿಲ್ಲುವವನು. ಆದರೆ ವಾಡಿಯ ಆ ಕೋಣೆಯಲ್ಲಿ ನಾನೇ ನ್ಯಾಯಾಧೀಶ. ಮೊಬೈಲಿನಲ್ಲಿ ಹುಡುಕಿದ್ದರೆ ಎಲ್ಲ ನಿಯಮಗಳೂ ಸಿಗುತ್ತಿದ್ದವು. ಯಾರೂ ಹುಡುಕುತ್ತಿರಲಿಲ್ಲ. ಮಾಸ್ತರ್ ಇದ್ದಾರಲ್ಲ! ಆ ‘ಮಾಸ್ತರ್’ ಎಂಬ ಒಂದು ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ — ಎಂಥ ಅಗ್ಗದ ಮನುಷ್ಯ.

ಭಾಗಮ್ಮನನ್ನು ಕರೆತಂದವನು ರೈಲ್ವೆಯಲ್ಲಿದ್ದ ಶಿವಪ್ಪ. ಆಕೆ ಅವನ ಹೆಂಡತಿಯ ಅಕ್ಕ. ತವರು ಆಡಕಿ, ಇರುವುದು ಶಹಾಬಾದಿನಲ್ಲಿ, ಹಾಸುಗಲ್ಲು ಕೊಯ್ದು ಪಾಲಿಶ್ ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ. ಮನೆಯಲ್ಲಿ ಅಭ್ಯಾಸಕ್ಕೆಂದು ಶಿವಪ್ಪ ಆಕೆಯ ಜೊತೆ ಆಡಿದ್ದಾನೆ. ಆಡಿದಷ್ಟು ಸಲ ಸೋತಿದ್ದಾನೆ. “ನಮ್ಮ ಅತ್ತಿಗಿ ಭಾಳ ಚಲೋ ಆಡ್ತಾಳ್ರಿ ಮಾಸ್ತರ್ರ, ಒಮ್ಮೆ ನೋಡ್ರಿ” ಎಂದ. ನೋಡಿದೆ. ಕಲ್ಲಿನ ಪುಡಿ ಉಗುರಿನ ಸಂದಿಯಲ್ಲಿ ಉಳಿದೇ ಇದ್ದ ಕೈಗಳು. ಏಳನೇ ಇಯತ್ತೆಗೆ ಬಿಟ್ಟ ಶಾಲೆ. ನನಗೆ ಒಳಗೊಳಗೇ ನಗು ಬಂತು.

ಶಿವಪ್ಪ ಹೇಳಿಕೊಟ್ಟಿದ್ದು ತನ್ನ ಕೆಲವು ಕಾರ್ಡುಗಳನ್ನಷ್ಟೆ; ಉಳಿದವನ್ನೆಲ್ಲ ಆಕೆಗೆ ಓದಿ ಹೇಳಿದವನು ನಾನೇ. ಪ್ರತಿ ಕಾರ್ಡಿನ ಅರ್ಥವನ್ನೂ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಂಡು ಪ್ಲಾಸ್ಟಿಕ್ ಹೊದಿಕೆಯೊಳಗೆ ಕಾರ್ಡಿನ ಹಿಂದೆ ತೂರಿಸಿಡುತ್ತಿದ್ದಳು. ಎರಡು ತಿಂಗಳಾದ ಮೇಲೆ ಚೀಟಿ ನೋಡುವುದನ್ನೂ ಬಿಟ್ಟಳು. ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಒಂದು ಭಾನುವಾರ ನನ್ನನ್ನೇ ಸೋಲಿಸಿದಳು, ಅದರ ಮುಂದಿನ ಭಾನುವಾರ ಮತ್ತೆ. ಗೆದ್ದಾಗ ಕುಣಿಯುತ್ತಿರಲಿಲ್ಲ, ಸೆರಗು ಸರಿಪಡಿಸಿಕೊಂಡು “ಇನ್ನೊಂದ್ ಆಟ ಹಾಕೂಣೇನ್ರಿ ಸರ?” ಎನ್ನುತ್ತಿದ್ದಳು. ಆ ಸಮಾಧಾನವೇ ನನಗೆ ಉರಿ. ಎಂ.ಎ. ಮಾಡಿದವನನ್ನು ಕಲ್ಲು ಹೊರುವವಳು — ಹೀಗೆಯೇ ಯೋಚಿಸಿದೆ, ಇದೇ ಮಾತುಗಳಲ್ಲಿ. ಈಗ ಇದಕ್ಕೆ ಮೆದುವಾದ ಮಾತು ಹುಡುಕುವುದಿಲ್ಲ.

ಆ ವರ್ಷ ಹೈದರಾಬಾದಿನಲ್ಲಿ ದೊಡ್ಡ ಪಂದ್ಯವಿತ್ತು. ನಮ್ಮ ಗುಂಪಿನಿಂದ ಒಬ್ಬರು ಹೋಗಬಹುದಿತ್ತು. ಕೊನೆಯ ಆಟಕ್ಕೆ ಉಳಿದವರು ಇಬ್ಬರು: ಭಾಗಮ್ಮ ಮತ್ತು ವಿಜಯಕುಮಾರ. ವಿಜಯಕುಮಾರ ಸಿಮೆಂಟ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕೋಣೆ ಗೊತ್ತು ಮಾಡಿಕೊಟ್ಟವನು, ಆಟ ಮುಗಿದ ಮೇಲೆ ತನ್ನ ಕಾರಿನಲ್ಲಿ ನನ್ನನ್ನು ಸೇಡಂವರೆಗೆ ಬಿಟ್ಟು ಬರುತ್ತಿದ್ದವನು. ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಸೇಡಂ ಬಸ್ ಸ್ಟ್ಯಾಂಡಿನ ಮುಂದೆ ಹಾದು ಹೋಗುವುದೆಂದರೆ ನನಗೆ... ಬಿಡಿ, ಹೇಳಲಿಕ್ಕೂ ನಾಚಿಕೆ.

ಆಟ ಒಂದು ತಾಸು ನಡೆಯಿತು. ಭಾಗಮ್ಮನ ಮುಂದೆ ಮೂವರು ಸೈನಿಕರು, ಅವರ ಹಿಂದೆ ಒಂದು ಮುದುಕಿಯ ಚಿತ್ರದ ಕಾರ್ಡು. ಅದನ್ನು ಆಕೆ ‘ಕಲ್ಲವ್ವ’ ಎಂದು ಕರೆಯುತ್ತಿದ್ದಳು. ಅದರ ಮೇಲೆ ಬರೆದದ್ದು ಇಷ್ಟು: ಈ ಕಾರ್ಡು ಮೇಜಿನ ಮೇಲಿರುವವರೆಗೆ ನಿನ್ನ ಸೈನಿಕರು ಸಾಯಲಾರರು. ವಿಜಯಕುಮಾರನಿಗೆ ಬೇರೆ ದಾರಿ ಇರಲಿಲ್ಲ. ಕೈಯಲ್ಲಿದ್ದ ‘ಬೆಂಕಿ ಮಳೆ’ಯನ್ನು ಎಸೆದ. ಅದರ ಮೇಲೆ: ಮೇಜಿನ ಮೇಲಿನ ಎಲ್ಲ ಸೈನಿಕರೂ ಸಾಯಲಿ.

ಎಲ್ಲರೂ ನನ್ನ ಕಡೆ ನೋಡಿದರು.

ನಿಯಮ ನನಗೆ ಬಾಯಿಪಾಠ. ಒಂದು ಕಾರ್ಡು ‘ಆಗಲಿ’ ಎಂದು, ಇನ್ನೊಂದು ‘ಆಗದು’ ಎಂದರೆ, ‘ಆಗದು’ ಎಂಬುದೇ ನಡೆಯುತ್ತದೆ. ಪುಸ್ತಕದಲ್ಲಿ ಆ ಸಾಲಿನ ಕೆಳಗೆ ನಾನೇ ಗೆರೆ ಎಳೆದಿದ್ದೆ. ಅಂದರೆ ವಿಜಯಕುಮಾರನ ಸೈನಿಕರಷ್ಟೇ ಸಾಯಬೇಕು, ಭಾಗಮ್ಮನ ಮೂವರೂ ನಿಲ್ಲಬೇಕು; ಮುಂದಿನ ಸರದಿಯಲ್ಲಿ ಅವರು ನೇರ ಅವನ ಕೋಟೆಗೆ ನುಗ್ಗಬೇಕು. ಆಕೆ ಗೆದ್ದಾಗಿತ್ತು. ಅದು ಆಕೆಗೂ ಗೊತ್ತಿತ್ತು, ಸುಮ್ಮನೆ ಕಾಯುತ್ತಿದ್ದಳು.

“ಯಾವ ಕಾರ್ಡು ಕೊನೆಗೆ ಬಿತ್ತೋ ಅದೇ ನಡೀತದ. ಎಲ್ಲಾ ಸೈನಿಕರೂ ಸತ್ರು” ಎಂದೆ. ಅದಕ್ಕೊಂದು ಇಂಗ್ಲಿಷ್ ವಾಕ್ಯವನ್ನೂ ಜೋಡಿಸಿದೆ, ಪುಸ್ತಕದಿಂದಲೇ ಬಂದಂತೆ ಕೇಳಿಸಲಿ ಎಂದು.

ಭಾಗಮ್ಮ ಕಲ್ಲವ್ವನ ಕಾರ್ಡನ್ನು ಹೊದಿಕೆಯಿಂದ ತೆಗೆದು, ಹಿಂದಿನ ಚೀಟಿಯನ್ನು ನನ್ನ ಮುಂದೆ ಹಿಡಿದಳು. “ಸರ, ‘ಆಗಂಗಿಲ್ಲ’ ಅಂಬೋದೇ ಮ್ಯಾಲು ಅಂತ ನೀವೇ ಹೇಳಿದ್ರಿ. ಇಲ್ಲೇ ಬರ್ಕೊಂಡೀನ್ರಿ. ಪುಸ್ತಕ ಒಮ್ಮೆ ತೆಗೆದು ನೋಡ್ರಲ್ಲ.”

ಪುಸ್ತಕ ನನ್ನ ಚೀಲದಲ್ಲೇ ಇತ್ತು, ಕಾಲಿಗೆ ತಾಗುವಷ್ಟು ಹತ್ತಿರ. ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದೆ. ಆಮೇಲೆ, ಅದೂ ಸಾಲದೆನ್ನಿಸಿ —

“ನಿನಗ ಇಂಗ್ಲಿಷ್ ಬರ್ತದೇನು? ಚೀಟಿ ನೋಡಿ ನನಗ ಕಲಿಸಾಕ ಬಂದಿ!”

ಅಲ್ಲಿಯವರೆಗೆ ಆಕೆಯನ್ನು ನಾನು ‘ರಿ’ ಹಚ್ಚಿಯೇ ಮಾತಾಡಿಸುತ್ತಿದ್ದೆ. ಆ ಕೋಣೆಯಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆಯೇ ಮಾತಾಡಿಸುತ್ತಿದ್ದರು. ಒಂದೇ ಉಸಿರಿನಲ್ಲಿ ಆಕೆಯನ್ನು ‘ನೀನು’ ಮಾಡಿದೆ. ಕೋಣೆ ನಕ್ಕಿತು. ವಿಜಯಕುಮಾರ ನಕ್ಕ, ಚಿತ್ತಾಪುರದವರು ನಕ್ಕರು. ಶಿವಪ್ಪ, ಆಕೆಯ ತಂಗಿಯ ಗಂಡ, ಅವನೂ ನಕ್ಕ — ಆಕೆಯನ್ನು ಕರೆತಂದದ್ದಕ್ಕೆ ಕ್ಷಮೆ ಕೇಳುವವನ ಹಾಗೆ.

ಭಾಗಮ್ಮ ಚೀಟಿಯನ್ನು ಮತ್ತೊಮ್ಮೆ ಓದಿದಳು. ಆಮೇಲೆ ತನ್ನ ಮೂವರು ಸೈನಿಕರನ್ನು ತಾನೇ ಎತ್ತಿ ಪಕ್ಕಕ್ಕೆ ಇಟ್ಟಳು. “ತಪ್ಪಾತ್ರಿ ಸರ” ಎಂದಳು. ಎರಡು ಸರದಿಯಲ್ಲಿ ಆಕೆಯ ಕೋಟೆ ಬಿತ್ತು. ಮುಂದಿನ ಭಾನುವಾರ ಆಕೆ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ವಿಜಯಕುಮಾರ ಹೈದರಾಬಾದಿಗೆ ಹೋದ. ಮೊದಲನೇ ಆಟದಲ್ಲೇ ನಾನು ಹುಟ್ಟಿಸಿದ ನಿಯಮವನ್ನು ನಂಬಿ ಕಾರ್ಡು ಎಸೆದನಂತೆ. ಅಲ್ಲಿನ ತೀರ್ಪುಗಾರ ಪುಸ್ತಕ ತೆರೆದು, ಎಲ್ಲರ ಮುಂದೆ, ಆ ಸಾಲನ್ನು ಅವನಿಂದಲೇ ಓದಿಸಿದನಂತೆ. ವಾಪಸು ಬಂದವನು ಕಾರು ನಿಲ್ಲಿಸಿ ಕೇಳಿದ: “ಮಾಸ್ತರ್ರ, ಖರೇ ಹೇಳ್ರಿ, ನಿಮಗ ಗೊತ್ತಿತ್ತೋ ಇಲ್ಲೋ?”

“ಗೊತ್ತಿತ್ತು.”

ಬೈಯುತ್ತಾನೆ ಎಂದುಕೊಂಡೆ. “ಹೋಗ್ಲಿ ಬಿಡ್ರಿ. ಆಕಿಗೇನ್ ಹೇಳೋದು ಬ್ಯಾಡ, ಸುಮ್ನ ನಮ್ಮ ಮರ್ಯಾದಿ ಹೋಗ್ತದ” ಎಂದ. ನಾನು ಒಪ್ಪಿದೆ. ಇಬ್ಬರು ಗಂಡಸರು, ಇಬ್ಬರೂ ಪದವೀಧರರು, ಒಂದು ಕಾರಿನಲ್ಲಿ ಕೂತು ತಮ್ಮ ಮರ್ಯಾದೆ ಕಾಯ್ದುಕೊಂಡೆವು.

ಇಲ್ಲಿಗೆ ಮುಗಿದಿದ್ದರೆ ಬಹುಶಃ ಇದನ್ನು ಬರೆಯುತ್ತಲೇ ಇರಲಿಲ್ಲ. ನಾನು ಅಷ್ಟು ಒಳ್ಳೆಯವನಲ್ಲ. ಹೋದ ಬೇಸಿಗೆಯಲ್ಲಿ ಕಾಳಗಿಯ ಬಸ್ ಸ್ಟ್ಯಾಂಡಿನಲ್ಲಿ ಭಾಗಮ್ಮ ಸಿಕ್ಕಳು. ಆಕೆಯೇ ಗುರುತು ಹಿಡಿದು ಬಂದು ನಮಸ್ಕಾರ ಮಾಡಿದಳು, ಚಹಾ ತರಿಸಿದಳು. ಕೆಲಸ ಹೇಗಿದೆ ಎಂದು ಕೇಳಿದೆ. ಕೇಳಬಾರದಿತ್ತು — ಇಲ್ಲ, ಕೇಳಲೇಬೇಕಿತ್ತು.

ಕಾರ್ಖಾನೆಯಲ್ಲಿ ಆಕೆಯನ್ನು ಮೇಸ್ತ್ರಿ ಮಾಡಿದ್ದರಂತೆ. ಆರ್ಡರಿನ ಹಾಳೆ ನೋಡಿ ಯಾವ ಕಲ್ಲನ್ನು ಹೇಗೆ ಪಾಲಿಶ್ ಮಾಡಬೇಕೆಂದು ಆಳುಗಳಿಗೆ ಹೇಳುವ ಕೆಲಸ. ಒಮ್ಮೆ ಒಂದು ಇಂಗ್ಲಿಷ್ ಹಾಳೆ ಬಂತು. ಮೇಲೆ ಎರಡೂ ಮಗ್ಗಲು ಪಾಲಿಶ್ ಎಂದಿತ್ತು, ಕೆಳಗೆ ಹಿಂದಿನ ಮಗ್ಗಲು ಮುಟ್ಟಬೇಡಿ ಎಂದಿತ್ತು. ಅಷ್ಟು ಓದಲು ಆಕೆ ಕಲಿತಿದ್ದಳು. ಮುಟ್ಟಬೇಡಿ ಎಂಬುದೇ ನಡೆಯಬೇಕು ಎಂದು ಅನ್ನಿಸಿಯೂ ಇತ್ತು. ಆಫೀಸಿನ ಸಾಹೇಬ ಎರಡೂ ಮಗ್ಗಲು ಎಂದ. ಆಕೆ ಸುಮ್ಮನಾದಳು. ಇಡೀ ಲಾರಿಯ ಕಲ್ಲು ಹಾಳಾಯಿತು. ಸಾಹೇಬ ಬೆರಳು ತೋರಿಸಿದ್ದು ಆಕೆಯ ಕಡೆಗೆ. ಈಗ ಮತ್ತೆ ಕಲ್ಲು ಹೊರುತ್ತಿದ್ದಾಳೆ.

“ಕೇಳ್ಬೇಕಂತ ಬಾಯಿತನಾ ಬಂದಿತ್ರಿ ಸರ” ಎಂದಳು ಭಾಗಮ್ಮ. “ಆದ್ರ ಅವತ್ತ ವಾಡ್ಯಾಗ ನೀವು ಅಂದಿದ್ದು ನೆನಪಾತು. ನಮಗ ಬರಲಾರದ್ದರಾಗ ನಾವು ಯಾಕ ಬಾಯಿ ಹಾಕ್ಬೇಕು ಅಂತ ಬಿಟ್ಟೆ.”

ಆಗಲಾದರೂ ಹೇಳಬಹುದಿತ್ತು. ಬಸ್ಸು ಬರಲು ಇನ್ನೂ ಹೊತ್ತಿತ್ತು. ನಾನು “ಛೇ, ಹಂಗೇನ್ರಿ” ಎಂದು ಆಕೆ ತರಿಸಿದ ಚಹಾ ಕುಡಿದು ಎದ್ದೆ. ಮೊದಲನೆಯದು ಹೊಟ್ಟೆಕಿಚ್ಚು, ಇದು ಶುದ್ಧ ಹೇಡಿತನ. ಎರಡರಲ್ಲಿ ಯಾವುದು ಹೆಚ್ಚು ಹೊಲಸು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಎಂಟು ತಿಂಗಳಾದ ಮೇಲೆ ಶಹಾಬಾದಿಗೆ ಹೋದೆ. ಕಾರ್ಖಾನೆಯ ಗೇಟಿನ ಹತ್ತಿರ, ಊಟದ ಬಿಡುವಿನಲ್ಲಿ, ಎಲ್ಲವನ್ನೂ ಹೇಳಿದೆ. ಚೀಲದಲ್ಲಿದ್ದ ಪುಸ್ತಕದ ಮಾತನ್ನೂ, ಕಾರಿನಲ್ಲಿ ಆದ ಮಾತನ್ನೂ. ಆಕೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

“ಹಂಗಾದ್ರ ನಾ ಅಂದಿದ್ದು ಖರೇನೇ ಇತ್ತು.”

“ಖರೇ ಇತ್ರಿ.”

“ಆ ಹಾಳ್ಯಾಗಿಂದೂ ಖರೇನೇ ಇತ್ತು.” ಆಕೆಯ ದನಿ ಏರಲಿಲ್ಲ. “ಇದನ್ನ ಈಗ ನನ್ನ ಮುಂದ ಬಂದು ಹೇಳಿದ್ರ ಏನಾತ್ರಿ? ನೀವು ಹಗುರಾಗ್ತೀರಿ. ನಕ್ಕಿದ್ದು ಅವ್ರು. ಅವ್ರಿಗೆ ಹೇಳ್ರಿ, ಹೋಗ್ರಿ.”

ಕ್ಷಮಿಸಿದೆ ಎನ್ನಲಿಲ್ಲ. ಕುಂದ್ರಿ ಎನ್ನಲಿಲ್ಲ.

ಕಳೆದ ಭಾನುವಾರ ವಾಡಿಯ ಕೋಣೆಯಲ್ಲಿ ನಿಂತು ಎಲ್ಲರಿಗೂ ಹೇಳಿದೆ. ವಿಜಯಕುಮಾರ ಮೊಬೈಲಿನಲ್ಲಿ ತಲೆ ಹುದುಗಿಸಿದ. ಚಿತ್ತಾಪುರದವನೊಬ್ಬ, “ಬಿಡ್ರಿ ಮಾಸ್ತರ್ರ, ಆಟ ಅದು, ಎಷ್ಟ್ ಹಳೇ ಮಾತು” ಎಂದು ಕಾರ್ಡು ಕಲಸತೊಡಗಿದ. ಶಿವಪ್ಪ ಮಾತ್ರ ಎದ್ದು ಹೋದ. ಮೆಟ್ಟಿಲಿಳಿಯುವಾಗ ನನ್ನ ಮುಖವನ್ನೂ ನೋಡಲಿಲ್ಲ. ಉಳಿದವರ ಮೇಲೆ ನನಗೆ ಎಂಥ ಹೇಸಿಗೆ ಬಂತೆಂದರೆ... ಆದರೆ ಅವರಿಗೆ ನಗುವುದನ್ನು ಕಲಿಸಿದವನು ಯಾರು?

ಇನ್ನು ಮುಂದೆ ನಾನು ತೀರ್ಪು ಹೇಳುವುದಿಲ್ಲ ಎಂದು ಅವರಿಗೆ ತಿಳಿಸಿ ಬಂದೆ. ನಾಳೆ ಶಹಾಬಾದಿನ ಆ ಕಾರ್ಖಾನೆಯ ಸಾಹೇಬನನ್ನು ನೋಡಲು ಹೊರಟಿದ್ದೇನೆ. ಆ ಹಾಳೆಯನ್ನು ಸರಿಯಾಗಿ ಓದಿದ್ದು ಭಾಗಮ್ಮ ಎಂದು ಅವನಿಗೂ ಹೇಳಬೇಕು. ಅವನು ಕೇಳಲಿಕ್ಕಿಲ್ಲ. ಗೇಟಿನಿಂದಲೇ ಅಟ್ಟಬಹುದು. ಆಕೆಯ ಕೆಲಸ ಆಕೆಗೆ ಸಿಗಲಿಕ್ಕೂ ಇಲ್ಲ. ಹೋಗುತ್ತೇನೆ.